ಚೀಟಿ ಇಲ್ಲದ ನೂಲು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದವಾಗಿತ್ತು. ಅಂಚು ಹಳದಿಗಟ್ಟಿ, ಸಂದಿಯಲ್ಲಿ ಸದಾ ಅಂಟು ಮೆತ್ತಿಕೊಂಡಿರುತ್ತಿತ್ತು. ಹಣೆಯ ಮೇಲೆ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಷ್ಟು ನೀಟಾದ ಮನುಷ್ಯನ ಕೈಯಲ್ಲಿ ಈ ಉಗುರು. ನೂಲು ಸುತ್ತಿದ ಕಾಗದದ ಕೋನು ಕೈಗೆ ಸಿಕ್ಕರೆ ಸಾಕು, ಮಾತಾಡುತ್ತಲೇ ಉಗುರು ಕೋನಿನ ಒಳಗೆ ಹೋಗುತ್ತಿತ್ತು. ಗಿರಣಿಯವರು ಅಂಟಿಸಿದ ಚೀಟಿ ಒಂದು ಮೂಲೆಯೂ ಹರಿಯದೆ ಹೊರಗೆ ಬರುತ್ತಿತ್ತು. ಅದನ್ನು ಜೇಬಿಗೆ ಇಳಿಸಿ, "ಹಾಂ, ಏನಂದ್ರಿ?" ಎಂದು ಏನೂ ಆಗದವರ ಹಾಗೆ ಕೇಳುತ್ತಿದ್ದರು.

ಅವರು ನೂಲಿನ ದಲಾಲರು. ಊರು ಬೀದರ ಕಡೆಯದು, ಮನೆ ನಾಸಿಕದಲ್ಲಿ, ಗೋದಾಮು ಮಾಲೇಗಾಂವದಲ್ಲಿ. ಗಿರಣಿಯ ನೂಲನ್ನು ಮಗ್ಗದವರಿಗೆ, ಮಗ್ಗದವರ ಬಟ್ಟೆಯನ್ನು ನಮ್ಮಂಥ ಹೊಲಿಗೆ ಕಾರ್ಖಾನೆಗೆ ಕೊಡಿಸುವುದು ಅವರ ಕಸುಬು. ಎಲ್ಲರಿಗೂ ಅವರು ಕಾಕಾ. ನೂಲು ಯಾರದೆಂದು ಮಗ್ಗದವನಿಗೆ ಗೊತ್ತಾಗಬಾರದು, ಬಟ್ಟೆ ಯಾರದೆಂದು ನಮಗೆ ಗೊತ್ತಾಗಬಾರದು. ಗೊತ್ತಾದರೆ ನೇರ ಹೋಗಿ ಕೊಳ್ಳುತ್ತಾರೆ, ದಲಾಲನ ಹೊಟ್ಟೆಗೆ ಹೊಡೆತ. ಅದಕ್ಕೇ ಮಾಲು ಕೈಬಿಡುವ ಮೊದಲು ಚೀಟಿ ಕೀಳುವುದು. ಅವರ ಅಪ್ಪನೂ ಕಿತ್ತಿದ್ದರಂತೆ.

ನನ್ನ ಕೆಲಸ ಇದಕ್ಕೆ ಪೂರಾ ಉಲ್ಟಾ. ನಾಸಿಕದ ನಮ್ಮ ಕಾರ್ಖಾನೆಯಲ್ಲಿ ಯುರೋಪಿಗೆ ಹೋಗುವ ಏಪ್ರನ್ನು, ಅಡುಗೆಮನೆಯ ಟವೆಲ್ಲು ಹೊಲಿಯುತ್ತಾರೆ. ಅಲ್ಲಿ ಒಂದು ನಿಯಮ ಬರುತ್ತಿದೆ, ಡಿಜಿಟಲ್ ಪ್ರಾಡಕ್ಟ್ ಪಾಸ್‌ಪೋರ್ಟ್ ಎಂದು. ಬಟ್ಟೆಯ ಮೇಲೊಂದು ಕೋಡ್ ಇರಬೇಕು, ಅದಕ್ಕೆ ಫೋನ್ ಹಿಡಿದರೆ ಅದರ ಹುಟ್ಟುಬೆಳವಣಿಗೆಯೆಲ್ಲ ಕಾಣಬೇಕು. ನಿಯಮ ಪೂರ್ತಿ ಜಾರಿಯಾಗುವ ಮೊದಲೇ ನಮ್ಮ ದೊಡ್ಡ ಗಿರಾಕಿ ಪಟ್ಟು ಹಿಡಿದಿದ್ದರು: ನೂತವರು, ನೇಯ್ದವರು, ಹೊಲಿದವರು, ಎಲ್ಲರ ಹೆಸರಿರುವ ಒಂದು ಲಾಟು ಮಾಲನ್ನು ಮಾದರಿಗೆ ಕಳಿಸಿ, ಇಲ್ಲವಾದರೆ ಮುಂದಿನ ಆರ್ಡರ್ ಬೇರೆಯವರಿಗೆ. ಆ ಆರ್ಡರ್ ಹೋದರೆ ಹೊಲಿಗೆಯ ಅರ್ಧ ಮಷಿನ್ನು ನಿಲ್ಲುತ್ತಿದ್ದವು. ಈ ಕೆಲಸಕ್ಕೆಂದೇ ನನ್ನನ್ನು ಸೇರಿಸಿಕೊಂಡಿದ್ದರು.

ನಾನು ಸಂಭಾಜಿನಗರದಲ್ಲಿ ಬೆಳೆದವಳು, ಅಪ್ಪ ಅವ್ವ ಕಲಬುರಗಿಯವರು. ಮಾಲಕರಿಗೆ ಅಷ್ಟೇ ಸಾಕಾಯಿತು. "ತೋ ತುಮಚಾಚ್ ಮಾಣೂಸ್ ಆಹೇ," ಅವನು ನಿಮ್ಮವನೇ ಅಲ್ಲವೇ, ಕನ್ನಡದಲ್ಲಿ ಕೇಳಿದರೆ ಹೇಳುತ್ತಾನೆ ಎಂದರು. ಭಾಷೆ ಒಂದಾದ ಮಾತ್ರಕ್ಕೆ ಬಾಯಿ ಬಿಡುವ ಮನುಷ್ಯನೇ ಅವರು? ನಾನು ಕೇಳಿದಾಗಲೆಲ್ಲ ಒಂದೇ ಉತ್ತರ.

"ಯಾರ ಮಾಲು ಅಂತ ಯಾಕ ಕೇಳ್ಲತ್ತೀರಿ ಮೇಡಮ್ಮಾರೆ? ಮಾಲು ಹೆಂಗದ ಅಂತ ಕೇಳ್ರಿ. ಖರಾಬ್ ಬಂದ್ರ ನಾ ಇದ್ದೀನಲ್ಲ."

ಅದು ಸುಳ್ಳಲ್ಲ. ಬಟ್ಟೆಯಲ್ಲಿ ಗಂಟು ಕಂಡರೆ ಸೊಲ್ಲೆತ್ತದೆ ವಾಪಸು ಒಯ್ಯುತ್ತಿದ್ದರು, ಯಾರ ತಪ್ಪು ಎಂದು ಎಂದೂ ಹೇಳಿದವರಲ್ಲ. ಆದರೆ ಯುರೋಪಿನವರಿಗೆ "ಕಾಕಾ ಇದ್ದಾರೆ" ಎಂದು ಬರೆಯಲಾಗುತ್ತದೆಯೇ? ನನ್ನ ತಲೆ ಕೆಟ್ಟು ಹೋಗುತ್ತಿತ್ತು. ನಾನು ದನಿ ಏರಿಸಿದರೆ ಅವರು ಸುತ್ತ ನೋಡಿ, "ತಂಗೀ, ಬೈಯೋದಿದ್ರ ಕನ್ನಡದಾಗ ಬೈ. ಇವ್ರಿಗಿ ತಿಳಿಬಾರದು," ಎನ್ನುತ್ತಿದ್ದರು. ಎಲ್ಲರೆದುರು ಮೇಡಮ್ಮಾರು, ಬೈಸಿಕೊಳ್ಳುವಾಗ ತಂಗಿ.

ಒಮ್ಮೆ ಅವರನ್ನು ಬಿಟ್ಟು ನಾನೇ ಮಾಲೇಗಾಂವಕ್ಕೆ ಹೋದೆ. ಮಗ್ಗಗಳ ಸದ್ದಿನಲ್ಲಿ ಶೆಡ್ಡಿನಿಂದ ಶೆಡ್ಡಿಗೆ ಅಲೆದು, ನಮ್ಮ ಪಟ್ಟೆಯ ಬಟ್ಟೆ ಎಲ್ಲಿ ನೇಯುತ್ತಾರೆ ಎಂದು ಗಂಟಲು ಹರಿಯುವಂತೆ ಕೇಳಿದೆ. ಚಹಾ ಎಲ್ಲರೂ ಕೊಟ್ಟರು. ಉತ್ತರವೂ ಎಲ್ಲರದು ಒಂದೇ: "ಕಾಕಾ ಸೇ ಪೂಛೋ," ಕಾಕಾನನ್ನೇ ಕೇಳಿ. ಧೂಳು ತಿಂದು ಹೊಟ್ಟೆ ಉರಿಸಿಕೊಂಡು ವಾಪಸು ಬಂದೆ.

ಕಡೆಗೆ ಮಾದರಿ ಲಾಟಿನ ಗಡುವು ಹತ್ತಿರ ಬಂದಾಗ ಕೈ ಮುಗಿದು ಕೇಳಿಕೊಂಡೆ. ಗಿರಣಿಯ ಹೆಸರು ಬಾಯಿಂದ ಹೇಳುವುದು ಬೇಡ ಕಾಕಾ, ಈ ಸಲದ ನೂಲಿನ ಚೀಟಿಗಳಾದರೂ ನನಗೆ ಸಿಗುವಂತೆ ಮಾಡ್ರಿ ಎಂದೆ. ಅವರು ಉಗುರಿನ ಸಂದಿಯ ಅಂಟು ಕೆರೆದು ತೆಗೆದು, "ಆಯ್ತು" ಎಂದರು. ನಾನು ಗೆದ್ದೆ ಎಂದುಕೊಂಡೆ.

ಬಟ್ಟೆ ಬಂತು. ಅದರ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಚೀಟಿಗಳು. ನೀಟಾಗಿ ಕಿತ್ತು, ಮಡಿಕೆ ಬಿಡಿಸಿ, ರಬ್ಬರ್ ಹಾಕಿದ ಕಟ್ಟುಗಳು. ಬೇರೆ ಬೇರೆ ಗಿರಣಿಯವು, ಬೇರೆ ಬೇರೆ ಲಾಟಿನವು, ಎಲ್ಲ ಕಲಸಿಹೋಗಿದ್ದವು. ಯಾವ ಚೀಟಿಯ ನೂಲು ಯಾವ ಥಾನು ಬಟ್ಟೆಗೆ ಹೋಯಿತೆಂದು ಇನ್ನು ಆ ದೇವರೇ ಹೇಳಬೇಕು. ನಾನು ಕಟಿಂಗ್ ಟೇಬಲ್ಲಿನ ಪಕ್ಕ ನಿಂತೇ ಕಾಕಾಗೆ ಫೋನ್ ಹಚ್ಚಿದೆ.

"ಕಾಕಾ, ಚೀಟಿ ಯಾಕ ಕಿತ್ತಿರಿ?"

"ನೀನೇ ಚೀಟಿ ಬೇಕಂದಿ. ಒಂದೂ ಬಿಡದಂಗ ಕಳಸೀನಿ ನೋಡು. ಇಷ್ಟ್ ವರ್ಷದಾಗ ಯಾರಿಗೂ ಕೊಟ್ಟಿಲ್ಲ ನಾ."

"ಕೋನಿಗಿ ಅಂಟಿದ್ದೇ ಇರಬೇಕಿತ್ತು! ಯಾವ ಕೋನು ಯಾವ ಬಟ್ಟಿಗಿ ಹೋಯ್ತಂತ ತಿಳೀಬೇಕಿತ್ತು!"

"ಅಂಟಿಸಿ ಕಳಸಿದ್ರ ಮಗ್ಗದಾಂವ ಓದಂಗಿಲ್ಲೇನು?"

ಅವರ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. ನನಗೆ ದೊಡ್ಡ ಉಪಕಾರ ಮಾಡಿದೆನೆಂದೇ ಅವರು ನಂಬಿದ್ದರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಆರ್ಡರ್ ಹೋಯಿತು, ನಿಮ್ಮ ಗುಟ್ಟನ್ನು ನೀವೇ ಕಟ್ಟಿಕೊಂಡು ಕೂಡ್ರಿ, ಇಲ್ಲಿ ಹೆಣ್ಣುಮಕ್ಕಳು ಕೆಲಸ ಕಳಕೊಂಡು ಮನೆಗೆ ಹೋಗುತ್ತಾರೆ ಎಂದೆ. ಆಗಲೂ ಅದು ತಪ್ಪು ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಮರುದಿನ ಕಾಕಾ ಕಾರ್ಖಾನೆಗೆ ಬಂದರು. ಊಟದ ಹೊತ್ತು. ಹೊಲಿಗೆಯ ಹೆಂಗಸರು ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅವರಲ್ಲಿ ಕೆಲವರು ನಮ್ಮ ಕಡೆಯವರೇ. ಗಂಡಂದಿರು ಕಟ್ಟಡದ ಕೆಲಸಕ್ಕೆ ಹೋಗುವವರು. ಒಬ್ಬಾಕೆ "ಬರ್ರಿ ಕಾಕಾ, ರೊಟ್ಟಿ ತಿನ್ರಿ," ಎಂದಳು. ಅವರು ತುಂಡು ರೊಟ್ಟಿ ಮುರಿದುಕೊಂಡು ನಿಂತೇ ತಿಂದರು. ಕೈ ಒರೆಸಿಕೊಳ್ಳುತ್ತಾ ನನಗೆ, "ಗಾಡಿ ತೆಗಸು," ಎಂದರು.

ವೈಜಾಪುರದ ದಾರಿ ಹಿಡಿಸಿದರು. ಊರು ಮುಟ್ಟುವ ಮೊದಲೇ ಒಂದು ಗಿರಣಿಯ ಗೇಟಿನೊಳಗೆ ಗಾಡಿ ಹೊರಳಿಸಿದರು. ಗಿರಣಿಯ ಯಜಮಾನರ ಎದುರು ನನ್ನನ್ನು ಕೂರಿಸಿ, ಮರಾಠಿಯಲ್ಲಿ, ನಾನು ಒಯ್ದ ಮಾಲು ಕಡೆಗೆ ಹೋಗುತ್ತಿದ್ದದ್ದು ಇವರ ಕಾರ್ಖಾನೆಗೆ, ಇನ್ನು ನೀವು ನೀವೇ ಮಾತಾಡಿಕೊಳ್ಳಿ ಎಂದರು. ಅಲ್ಲಿಂದ ಮಾಲೇಗಾಂವ, ಮಗ್ಗದ ಯಜಮಾನರ ಎದುರು ಅದೇ ಮಾತು ಹಿಂದಿಯಲ್ಲಿ. ವಾಪಸು ಬರುವಾಗ ಅಂದರು.

"ಹೆಸರು ಹೇಳೋದು ಇಷ್ಟು ಸಲೀಸಂತ ಗೊತ್ತಿರ್ಲಿಲ್ಲ ನೋಡು ತಂಗಿ. ಒಂದು ಉಸಿರಿನ್ಯಾಗ ಮುಗೀತು."

ಗಿರಾಕಿಯನ್ನು ಕಾಡಿಬೇಡಿ ಗಡುವು ಮುಂದಕ್ಕೆ ಹಾಕಿಸಿದೆ. ಹೊಸ ಲಾಟು ಚೀಟಿ ಸಮೇತ ನಡೆಯಿತು, ಆರ್ಡರ್ ಉಳಿಯಿತು. ಕಾಕಾ ಹೆದರಿದ್ದಂತೆಯೇ ಆಯಿತು. ನಮ್ಮ ಮಾಲಕರು ಗಿರಣಿಯಿಂದ ನೇರ ನೂಲು ಕೊಂಡು ಮಗ್ಗಕ್ಕೆ ಕಳಿಸತೊಡಗಿದರು. ನಾನು ಹೋಗಿ ಜಗಳಾಡಿದೆ. "ಈಗ ಅವರು ಮಾಡುವ ಕೆಲಸವೇನಿದೆ, ಹೇಳು?" ಎಂದರು.

ಕೋಡ್ ಅಂಟಿಸಿದ ಮೊದಲ ಏಪ್ರನ್ನು ಒಯ್ದು ಕಾಕಾಗೆ ತೋರಿಸಿದೆ. ಕನ್ನಡಕ ಏರಿಸಿ, ನನ್ನ ಫೋನನ್ನು ಕೆಳತನಕ ಸರಿಸಿ ಸರಿಸಿ ನೋಡಿದರು.

"ದಲಾಲಗ ಇದರಾಗ ಜಾಗಾ ಇಲ್ಲೇನು?"

ಇರಲಿಲ್ಲ. ಕೋಡ್ ಮಾಡಿಕೊಟ್ಟ ಸಾಫ್ಟ್‌ವೇರಿನವರೊಂದಿಗೆ ನಾನು ಮೊದಲೇ ಕಿತ್ತಾಡಿದ್ದೆ. ಮಾಲನ್ನು ತಯಾರು ಮಾಡದವರಿಗೆ ಇದರಲ್ಲಿ ಕಾಲಂ ಇಲ್ಲ ಮೇಡಂ ಎಂದು ನಗುನಗುತ್ತಾ ಹೇಳಿದ್ದರು. ಅದನ್ನೇ ಕಾಕಾಗೆ ಹೇಳಿದೆ.

"ಖರೇ ಅದ. ನಾ ಏನ್ ತಯಾರ್ ಮಾಡೀನಿ? ಅವನ ಮಾತು ಇವನಿಗಿ, ಇವನ ಮಾತು ಅವನಿಗಿ ಮುಟ್ಟಸೀನಿ," ಎಂದು ಫೋನು ವಾಪಸು ಕೊಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಾಸಿಕದ ಮನೆಯ ಅಂಗಳದಲ್ಲಿ ಅವರನ್ನು ಕೂರಿಸಿ ಹೂವು ಹಾಕಿದ್ದರು. ವೈಜಾಪುರದ ಗಿರಣಿಯವರು ಬಂದರು, ಮಾಲೇಗಾಂವದ ಮಗ್ಗದವರೂ ಬಂದರು. ಒಬ್ಬರು ಬಾಗಿಲ ಹತ್ತಿರ, ಒಬ್ಬರು ಗೋಡೆಯ ಹತ್ತಿರ. ಇಬ್ಬರೂ ಬೇರೆ ಬೇರೆಯಾಗಿ ನನ್ನನ್ನು ಕೇಳಿದರು, ಆ ಇನ್ನೊಬ್ಬರು ಯಾರು ಎಂದು. ಅಷ್ಟು ವರ್ಷ ಒಬ್ಬರ ನೂಲು ಮತ್ತೊಬ್ಬರ ಮಗ್ಗಕ್ಕೆ ಏರಿತ್ತು. ಕಾಕಾ ಅವರಿಬ್ಬರನ್ನು ಒಮ್ಮೆಯೂ ಭೇಟಿ ಮಾಡಿಸಿರಲಿಲ್ಲ. ಆ ಪರಿಚಯ ನಾನೇ ಮಾಡಿಸಬೇಕಾಯಿತು.

ಮಗ್ಗದವರು ಕೈ ಕುಲುಕಿ, ಗಿರಣಿಯವರು ಬಹಳ ಮುಂಗೋಪಿ, ಎದುರು ಹೋಗಬೇಡ ಎಂದು ಕಾಕಾ ಹೇಳುತ್ತಿದ್ದರು ಎಂದರು. ಗಿರಣಿಯವರು ಕಣ್ಣರಳಿಸಿ, "ನಿಮ್ಮ ಬಗ್ಗೆ ನನಗೂ ಹಾಗೇ ಹೇಳಿದ್ದರು!" ಎಂದರು. ಇಬ್ಬರಿಗೂ ನಗು ಬಂತು, ಸಾವಿನ ಮನೆ ಎಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರು.

ನನಗೆ ನಗು ಬರಲಿಲ್ಲ. ಕಾಕಾನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಆ ಸಾಫ್ಟ್‌ವೇರಿನವರ ಮೇಲಿನದೂ ಇಳಿದಿಲ್ಲ. ಇವತ್ತು ನಾನು ಈ ಕೆಲಸದಲ್ಲಿ ನಿಂತಿರುವುದು ಕಾಕಾ ಬಾಯಿಬಿಟ್ಟು ಹೇಳಿದ ಎರಡು ಹೆಸರುಗಳಿಂದ. ದಿನಾಲೂ ಆ ಎರಡನ್ನು ಕಾಲಂನಲ್ಲಿ ತುಂಬುತ್ತೇನೆ. ಹೇಳಿದವರ ಹೆಸರನ್ನು ಎಲ್ಲಿ ತುಂಬಲಿ?