ಅಕ್ಕನ ತಲೆ ಮತ್ತು ಎರಡು ಬಾಲದ ವೈರು

ಕಳೆದ ಭಾನುವಾರ ನಮ್ಮಕ್ಕನ ತಲೆ ನನ್ನ ಲ್ಯಾಪ್‌ಟಾಪಿಗೆ ಹಿಡಿಸಲಿಲ್ಲ.

ನಗಬೇಡಿ. ನನಗಂತೂ ನಗು ಬಂದಿರಲಿಲ್ಲ. ಈ ಅಂಕಣ ಓದುವವರಿಗೆ ನನ್ನ ಪುಕ್ಕಲುತನ ಹೊಸದೇನಲ್ಲ. ಗ್ಯಾಸ್ ಸಿಲಿಂಡರ್ ಬದಲಿಸುವಾಗ ಅಂಗಳಕ್ಕೆ ಹೋಗಿ ನಿಲ್ಲುವವಳು ನಾನು. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ (ಅದು ರಾಂಗ್ ನಂಬರ್ ಆಗಿದ್ದರೂ) ಎಷ್ಟೋ ಹೊತ್ತು ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಆದರೆ ಭಾನುವಾರದ ಹೆದರಿಕೆ ಬೇರೆ ಜಾತಿಯದು.

ನಮ್ಮಕ್ಕ ಹುಲಿಗೆವ್ವ ತಾವರಗೇರಾದಲ್ಲಿರುತ್ತಾಳೆ. ಒಂದಿಷ್ಟು ಹೊಲ, ಒಂದಿಷ್ಟು ಕುರಿ. ಹೋದ ವರ್ಷ ಕಳೆ ತೆಗೆಯುತ್ತಿದ್ದವಳು ಕಣ್ಣಿಗೆ ಕತ್ತಲೆ ಬಂದು ಹೊಲದಲ್ಲೇ ಬಿದ್ದಳು. ಗಂಗಾವತಿಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದೆವು. ಒಳಗೆ ಕಡಲೆಕಾಳಿನಷ್ಟು ಗಂಟು ಕಂಡಿತು. ಹುಬ್ಬಳ್ಳಿಯ ಡಾಕ್ಟರು ಆ ಸ್ಕ್ಯಾನಿನ ಸೀಡಿ ನೋಡಿ, "ಕೆಲವು ಗಂಟು ಸುಮ್ಮನ ಇದ್ದುಬಿಡ್ತಾವ್ರಿ. ವರ್ಷ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸ್ಕೊಂಡು ಬರ್ರಿ. ಈ ಹಳೇ ಸೀಡಿ ಮಾತ್ರ ಕಳೀಬ್ಯಾಡ್ರಿ, ಎರಡೂ ಬಾಜೂಕ ಇಟ್ಟು ಹೋಲಿಸಿ ನೋಡಬೇಕು" ಅಂದಿದ್ದರು.

ಬೆಳೆದಿಲ್ಲ ಅಂದರೆ ಗುಳಿಗೆ. ಬೆಳೆದಿದೆ ಅಂದರೆ ತಲೆ ತೆರೆಯಬೇಕು.

ವರ್ಷ ಆಯಿತು. ತಲೆನೋವು ಮತ್ತೆ ಶುರುವಾಗಿತ್ತು. ಹೊಸ ಸ್ಕ್ಯಾನ್ ಮುಗಿಸಿ, ಅದರ ಸೀಡಿಯನ್ನೂ ಹಿಡಿದುಕೊಂಡು, ಸೋಮವಾರ ಹುಬ್ಬಳ್ಳಿಗೆ ಹೋಗಲು ಅಕ್ಕ ಭಾನುವಾರವೇ ಕೊಪ್ಪಳಕ್ಕೆ ನಮ್ಮ ಮನೆಗೆ ಬಂದಳು. ಹುಬ್ಬಳ್ಳಿಯ ಆಸ್ಪತ್ರೆಯವರು ಫೋನ್ ಮಾಡಿ, ಹಳೆಯ ಸೀಡಿ ತೆರೆಯುತ್ತದೆಯೋ ಇಲ್ಲವೋ ಮನೆಯಲ್ಲೇ ನೋಡಿಕೊಳ್ಳಿ, ಗೀರು ಬಿದ್ದಿದ್ದರೆ ಇನ್ನೊಂದು ಸೀಡಿಗೆ ಕಾಪಿ ಹೊಡೆದು ತನ್ನಿ ಎಂದಿದ್ದರು. ಪೆನ್‌ಡ್ರೈವ್ ನಡೆಯುವುದಿಲ್ಲವೇ ಎಂದು ಕೇಳಿದೆ. ಹೊರಗಿನ ಪೆನ್‌ಡ್ರೈವನ್ನು ಅವರ ಕಂಪ್ಯೂಟರಿಗೆ ಹಾಕುವ ಹಾಗಿಲ್ಲವಂತೆ, ವೈರಸ್ ಹೆದರಿಕೆ (ನನಗಿಂತ ಪುಕ್ಕಲರು). ಸ್ಕ್ಯಾನ್ ಮಾಡಿದ ಕಡೆ ವಿಚಾರಿಸಿದರೆ ಹೋದ ವರ್ಷದ್ದು ನಮ್ಮಲ್ಲಿ ಉಳಿದಿಲ್ಲ ಅಂದರು. ಅಂದರೆ ಅಕ್ಕನ ಹೋದ ವರ್ಷದ ತಲೆ ಈ ಭೂಮಿಯ ಮೇಲೆ ಇರುವುದು ಆ ಒಂದೇ ಸೀಡಿಯಲ್ಲಿ.

ಅಕ್ಕ ಚೀಲದಿಂದ ಕವರ್ ತೆಗೆದಳು. ಕವರಿನಿಂದ ಆ ಹಳೆಯ ಸೀಡಿ ತೆಗೆದಳು.

ಸೀಡಿಯ ಹೊಳೆಯುವ ಮುಖದ ಮೇಲೆ ಅರಿಷಿಣ. ಅರಿಷಿಣದ ಮೇಲೆ ಕುಂಕುಮ.

"ಏನಕ್ಕಾ ಇದು?"

"ಮಾನಮಿಗೆ ಹಚ್ಚಿದ್ದು," ಅಂದಳು ಅಕ್ಕ. ನಮ್ಮ ಕಡೆ ಮಾನಮಿ, ಅಂದರೆ ಮಹಾನವಮಿ ಹಬ್ಬದಲ್ಲಿ ಮನೆಯ ಕುಡುಗೋಲು, ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಪಂಪ್‌ಸೆಟ್ಟಿನ ಸ್ಟಾರ್ಟರು, ಈಚೆಗೆ ಮೊಬೈಲು, ಎಲ್ಲಕ್ಕೂ ಪೂಜೆ. ಆದರೆ ಸೀಡಿಗೆ?

"ಇದರಾಗ ನಿಮ್ಮ ತಲಿ ಐತಿ, ಹುಷಾರಾಗಿ ಇಟ್ಕೊಳ್ರಿ ಅಂತ ಹೇಳಿ ಕೊಟ್ಟಿದ್ರು. ದೇವರ ಜಗಲಿ ಮ್ಯಾಲ ಇಟ್ಟಿದ್ದೆ. ತಲಿ ಅಂದಮ್ಯಾಲ ಕುಂಕುಮ ಇಲ್ಲದ ಹೆಂಗ ಇಡ್ಲಿ?"

ಇದಕ್ಕೆ ನೀವೇನು ಉತ್ತರ ಕೊಡುತ್ತೀರಿ? ಅಷ್ಟರಲ್ಲೇ ಅವಳು ಸೆರಗಿನಿಂದ ಅದನ್ನು ಗಸಗಸ ತಿಕ್ಕತೊಡಗಿದಳು. ಹೊಲದ ಧೂಳು ಕುಡಿದ ಸೆರಗು. ಕಸಿದುಕೊಳ್ಳುವಷ್ಟರಲ್ಲಿ ಸಣ್ಣ ಸಣ್ಣ ಗೀರುಗಳು ಬಿದ್ದಾಗಿತ್ತು. ನನಗೆ ಸಿಟ್ಟು ಬಂತು. ಅಕ್ಕನ ಮೇಲೆ ಕೂಗಾಡಿದೆ. ಹೆದರಿಕೆ ಹೆಚ್ಚಾದಾಗ ನಾನು ಕೂಗಾಡುತ್ತೇನೆ, ಮನೆಯವರಿಗೆಲ್ಲ ಗೊತ್ತು.

ನಮ್ಮ ಮನೆಯವರು ಸಾಲಿ ಮಾಸ್ತರು, ಕೂಗಾಟಕ್ಕೆ ಒಗ್ಗಿಕೊಂಡವರು. ಮೆತ್ತನೆ ಬಟ್ಟೆಯನ್ನು ನೀರಲ್ಲಿ ಅದ್ದಿ, ಸೀಡಿಯನ್ನು ನಡುವಿನ ತೂತಿನಿಂದ ಅಂಚಿನ ಕಡೆಗೆ ನಿಧಾನವಾಗಿ ಒರೆಸಿದರು. ಕುಂಕುಮ ಹೋಯಿತು. ಅರಿಷಿಣ ಹೋಗುತ್ತದೆಯೇ? ನಿಮ್ಮ ಮನೆಯ ಬಿಳಿ ಅಂಗಿಗಳನ್ನು ಕೇಳಿ ನೋಡಿ. ತೆಳ್ಳಗೆ ಹಳದಿ ಛಾಯೆ ಉಳಿದೇ ಬಿಟ್ಟಿತು.

"ಎಲ್ಲಿ ಹಾಕ್ತಿ ಇದನ್ನ?" ಅಕ್ಕ ನನ್ನ ಹೊಸ ಲ್ಯಾಪ್‌ಟಾಪನ್ನು ಎತ್ತಿ, ತಿರುಗಿಸಿ, ಅಡಿಯಲ್ಲೂ ನೋಡಿದಳು. ಅದಕ್ಕೆ ಸೀಡಿ ನುಂಗುವ ಬಾಯೇ ಇಲ್ಲ. ಪಕ್ಕದಲ್ಲಿ ಎರಡು ಪುಟಾಣಿ ಟೈಪ್-ಸಿ ತೂತು, ಅಷ್ಟೇ. ಲ್ಯಾಪ್‌ಟಾಪ್ ಸಪೂರಾಗಲಿ ಎಂದು ಬಾಯಿ ಹೊಲಿದರಂತೆ. ಸಪೂರ ಮಾಡಿ ಎಂದು ಯಾರು ಅತ್ತಿದ್ದರು?

ಅಲ್ಮೆರಾದ ತಳದಿಂದ ಹಳೆಯ ಡಿವಿಡಿ ರೈಟರ್ ಹೊರಬಂತು. ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಚಪ್ಪಟೆ ಡಬ್ಬಿ. ಮಗಳನ್ನು ತೊಟ್ಟಿಲಿಗೆ ಹಾಕಿದ ವಿಡಿಯೋವನ್ನು ಕಾಪಿ ಹೊಡೆದು ನೆಂಟರಿಗೆಲ್ಲ ಹಂಚಲು ಕೊಂಡಿದ್ದೆವು. ಅದರ ವೈರಿಗೆ ಒಂದು ತಲೆ, ಎರಡು ಬಾಲ. ಬಾಲಗಳೆರಡೂ ಹಳೆಯ ಕಾಲದ ಅಗಲ ಯುಎಸ್‌ಬಿ. ಒಂದು ಬಾಲ ಕಂಪ್ಯೂಟರಿನ ಜೊತೆ ಮಾತಾಡಲು, ಇನ್ನೊಂದು ಹೆಚ್ಚಿನ ಕರೆಂಟ್ ಹೀರಲು. ಒಂದೇ ಬಾಲದಿಂದ ಬರುವ ಕರೆಂಟು ಅದರ ಮೋಟರಿಗೆ ಸಾಲದು.

ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ ಅಗಲ ಬಾಲವನ್ನು ಸಣ್ಣ ತೂತಿಗೆ ಸೇರಿಸುವ ಅಡಾಪ್ಟರ್ ತಂದರು. ಅಂಗಡಿಯಲ್ಲಿ ಇದ್ದದ್ದೇ ಒಂದು. ಒಂದು ಬಾಲ ಸೇರಿತು, ಇನ್ನೊಂದು ಜೋತಾಡಿತು. ಡಬ್ಬಿಯ ದೀಪ ಹತ್ತಿತು. ಗುರ್ ಎಂದು ಸೀಡಿ ತಿರುಗಿತು. ಟಕ್. ನಿಂತಿತು. ಮತ್ತೆ ಗುರ್, ಮತ್ತೆ ಟಕ್.

"ಕರೆಂಟ್ ಸಾಲವಲ್ದು," ಅಂದರು ಮನೆಯವರು.

"ಅರಿಷಿಣಕ್ಕ ಓದವಲ್ದು," ಅಂದೆ ನಾನು.

ಇದೇ ನೋಡಿ ನನ್ನನ್ನು ಹಿಂಡಿ ಹಾಕಿದ್ದು. ತಪ್ಪು ತೂತಿನದೋ ಸೀಡಿಯದೋ ಗೊತ್ತಾಗುವುದು ಹೇಗೆ? ಪ್ರತಿ ಸಲ ಟಕ್ ಎಂದಾಗಲೂ ಒಳಗೆ ಇನ್ನೊಂದು ಗೀರು ಬೀಳುತ್ತಿದೆ, ಅಕ್ಕನ ತಲೆ ಇನ್ನಷ್ಟು ಅಳಿಸಿಹೋಗುತ್ತಿದೆ ಅನಿಸುತ್ತಿತ್ತು. ಅಕ್ಕ ಮಾತ್ರ ಮೊಣಕಾಲು ತಬ್ಬಿಕೊಂಡು ನೆಲದ ಮೇಲೆ ಕೂತು ಆ ಡಬ್ಬಿಯನ್ನೇ ನೋಡುತ್ತಿದ್ದಳು. ಅದು ತಿರುಗಿದಾಗ ಉಸಿರು ಹಿಡಿಯುತ್ತಿದ್ದಳು, ನಿಂತಾಗ ಬಿಡುತ್ತಿದ್ದಳು.

ನಮ್ಮ ಮನೆಯಲ್ಲೊಂದು ವೈರುಗಳ ಡಬ್ಬವಿದೆ. ನಿಮ್ಮ ಮನೆಯಲ್ಲೂ ಇರುತ್ತದೆ. ದಪ್ಪ ಪಿನ್ನು, ತೆಳು ಪಿನ್ನು, ಚೌಕ ಮೂತಿ, ಎರಡೂ ಕಡೆ ಸ್ಕ್ರೂ ತಿರುವುವ ಅಗಲ ಮೂತಿ. ಯಾವುದು ಯಾವುದರದೆಂದು ಯಾರಿಗೂ ಗೊತ್ತಿಲ್ಲ, ಎಸೆಯಲು ಧೈರ್ಯವೂ ಇಲ್ಲ. ಆಸ್ಪತ್ರೆಯವರು ಇವತ್ತಿಗೂ ಸೀಡಿಯನ್ನೇ ಕೊಡುತ್ತಾರೆ, ಕಂಪ್ಯೂಟರ್ ಮಾಡುವವರು ಸೀಡಿಯ ಬಾಯನ್ನೇ ತೆಗೆದುಬಿಟ್ಟಿದ್ದಾರೆ. ಇವರಿಬ್ಬರೂ ಒಂದು ಸಲವಾದರೂ ಕೂತು ಮಾತಾಡಿದ್ದಾರೆಯೇ? ಇವರ ನಡುವೆ ಸಿಕ್ಕಿಕೊಂಡಿದ್ದು ತಾವರಗೇರಾದ ಹುಲಿಗೆವ್ವ.

ಕೊನೆಗೆ ಮನೆಯವರ ಹಳೆಯ ಕಂಪ್ಯೂಟರಿನ ಮುಸುಕು ತೆಗೆದೆವು. ಈಗ ಅವರು ಅದರಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಾರೆ, ಅಷ್ಟೇ ಅದರ ಕೆಲಸ. ಅದರ ಸ್ವಂತ ಸೀಡಿ ಬಾಯಿ ಎಂದೋ ಕೆಟ್ಟಿದೆ, ಆದರೆ ಅಗಲ ತೂತುಗಳಿವೆ. ಮುಂದಿನ ಎರಡು ತೂತಿಗೆ ಎರಡೂ ಬಾಲ ಸಿಕ್ಕಿಸಿದೆವು. ಡಬ್ಬಿ ಸಿಕ್ಕಿತು ಎಂದು ಕಂಪ್ಯೂಟರ್ ಟಿಣ್ ಎಂದಿತು. ಮರುಕ್ಷಣವೇ ಟುಂಯ್ ಎಂದು ಕಳೆದುಕೊಂಡಿತು. ಬಳಸಿ ಬಳಸಿ ಆ ತೂತುಗಳು ಸಡಿಲಾಗಿದ್ದವು. ಟೇಬಲ್ಲು ಸರಿಸಿ, ಜೇಡರ ಬಲೆ ಒರೆಸಿ, ಹಿಂಬದಿಯ ತೂತಿಗೆ ಸಿಕ್ಕಿಸಿದೆವು. ಈ ಸಲ ದೀಪ ಗಟ್ಟಿಯಾಗಿ ನಿಂತಿತು.

ಅಕ್ಕನ ಸೀಡಿ ಹಾಕುವ ಮೊದಲು ಡಬ್ಬಿಯನ್ನು ಪರೀಕ್ಷೆ ಮಾಡೋಣ ಎಂದು ಮನೆಯವರು ಮಗಳ ತೊಟ್ಟಿಲಿನ ಡಿವಿಡಿ ಹಾಕಿದರು. ಓಡಿತು. ಪರದೆಯ ಮೇಲೆ ಅಕ್ಕ ಬಂದಳು. ತಲೆ ತುಂಬ ಸೆರಗು ಹೊದ್ದು, ತೊಟ್ಟಿಲು ತೂಗುತ್ತ, ಯಾರದೋ ಮಾತಿಗೆ ನಗುತ್ತಿದ್ದಳು. ಆ ತಲೆಯಲ್ಲಿ ಆಗ ಏನೂ ಇರಲಿಲ್ಲ. ಇತ್ತೋ ಏನೋ, ಯಾರು ನೋಡಿದ್ದರು? ನಾನು ಬೇಗ ಬಂದ್ ಮಾಡಿದೆ.

ಡಬ್ಬಿ ಚೆನ್ನಾಗಿದೆ ಎಂದು ತಿಳಿದದ್ದೇ ನನ್ನ ಹೆದರಿಕೆ ಇಮ್ಮಡಿಯಾಯಿತು. ಇನ್ನು ನೆಪ ಹೇಳಲು ತೂತೂ ಇಲ್ಲ, ಬಾಲವೂ ಇಲ್ಲ. ಈಗ ತೆರೆಯದಿದ್ದರೆ ಸೀಡಿಯೇ ಸತ್ತಿದೆ ಎಂದರ್ಥ. ಸೀಡಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತೆ.

"ಹಾಕವಾ," ಅಂದಳು ಅಕ್ಕ. "ಆಗೂದು ಆಗ್ಲಿ."

ಹಾಕಿದೆ. ತಿರುಗಿತು, ತಡವರಿಸಿತು, ಮತ್ತೆ ತಿರುಗಿತು. ಎಷ್ಟೋ ಹೊತ್ತಿನ ಮೇಲೆ ಪರದೆಯಲ್ಲಿ ಒಂದು ಹಳದಿ ಫೋಲ್ಡರ್ ಕಂಡಿತು. ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳತೊಡಗಿದೆವು. ಹಸಿರು ಗೆರೆ ಅರ್ಧ ದಾರಿಗೆ ಬಂದು ನಿಂತಿತು. ಸರಿಯಾಗಿ ಆಗಲೇ ಕರೆಂಟ್ ಹೋಯಿತು (ಬೇರೆ ಯಾವಾಗ ಹೋಗಬೇಕು ಹೇಳಿ). ಯುಪಿಎಸ್ ಕುಂಯ್ ಕುಂಯ್ ಎಂದು ಅಳತೊಡಗಿತು. ಅದರ ಬ್ಯಾಟರಿಗೂ ಜೀವವಿಲ್ಲ. ನಾನು ಅಕ್ಕನಿಗೆ ಹೆಸರು ಕೊಟ್ಟ ದೇವಿ ಹುಲಿಗೆಮ್ಮನನ್ನು ನೆನೆದೆ. ಗೆರೆ ಅಲುಗಿತು. ಕರೆಂಟ್ ಬಂತು. ಆಮೇಲೆ ಖಾಲಿ ಸೀಡಿ ಹಾಕಿ, ಎಲ್ಲಕ್ಕಿಂತ ನಿಧಾನದ ವೇಗದಲ್ಲಿ ಕಾಪಿ ಹೊಡೆದೆವು. ಟ್ರೇ ತಾನೇ ಹೊರಬಂದಾಗ ಹೊಸ ಸೀಡಿ ಬೆಚ್ಚಗಿತ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹಳೆಯ ಚಿತ್ರ ತೆರೆದೆ, ಹೊಸ ಸ್ಕ್ಯಾನಿನ ಚಿತ್ರವನ್ನೂ ತೆರೆದೆ. ಕಪ್ಪು ಬಿಳುಪಿನ ತಲೆ, ಅದರೊಳಗೆ ಬಿಳಿ ಕಾಳು. ಹಳೆಯದರಲ್ಲಿ ಕಡಲೆಯಷ್ಟು. ಹೊಸದರಲ್ಲಿ ಅವರೆಯಷ್ಟು.

"ಬೆಳದೈತೇನು?" ಅಕ್ಕ ಕೇಳಿದಳು.

"ನನಗೇನ್ ತಿಳಿತೈತಿ ಅಕ್ಕಾ. ನಾಳೆ ಡಾಕ್ಟರ್ ಹೇಳ್ತಾರ."

ಅವಳು ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. "ಕೂದಲಾ ಪೂರಾ ತೆಗಿತಾರೇನು?" ಅಂದಳು. ನಾನು ಅಡುಗೆಮನೆಗೆ ಎದ್ದು ಹೋದೆ.

ಮರುದಿನ ರೈಲಿನಲ್ಲಿ ಇಬ್ಬರೂ ಅವಶ್ಯಕತೆಗಿಂತ ಹೆಚ್ಚು ಮಾತಾಡಿದೆವು. ಕುರಿ ಮರಿ ಹಾಕಿದ್ದು, ಸಜ್ಜೆ ಬಂದದ್ದು, ಯಾರದೋ ಮದುವೆ ಮುರಿದದ್ದು. ತಲೆಯ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಿಟಕಿಯ ಗಾಳಿಗೆ ಸೆರಗು ಜಾರಿದಾಗಲೆಲ್ಲ ಅವಳು ಕೂದಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಸೆರಗು ಎಳೆದುಕೊಳ್ಳುತ್ತಿದ್ದಳು.

ಡಾಕ್ಟರು ಎರಡೂ ಸೀಡಿ ಹಾಕಿದರು. ನಾವು ಹೊಡೆದ ಕಾಪಿ ತೆರೆಯಿತು. ಎರಡೂ ಚಿತ್ರದಲ್ಲಿ ಗಂಟಿನ ಮೇಲೆ ಮೌಸಿನಿಂದ ಗೆರೆ ಎಳೆದು ಅಳೆದರು. ಮತ್ತೊಮ್ಮೆ ಅಳೆದರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ.

"ಅಷ್ಟ ಐತ್ರಿ. ಬೆಳದಿಲ್ಲ."

"ಹೊಸದರಾಗ ದೊಡ್ಡದು ಕಾಣ್ತೈತಲ್ರಿ?"

"ಅದು ಜೂಮ್ ಆಗಿ ಓಪನ್ ಆಗೇತ್ರಿ. ತಲಿನೂ ದೊಡ್ಡದ ಕಾಣ್ತೈತಿ ನೋಡ್ರಿ. ಅಳತಿ ಎರಡೂ ಒಂದ."

ಹೌದಲ್ಲ! ತಲೆಯೂ ದೊಡ್ಡದಾಗಿಯೇ ಕಾಣುತ್ತಿತ್ತು. ಹೆದರಿದವಳಿಗೆ ಗಂಟೊಂದೇ ಕಂಡಿತ್ತು. ಅಲ್ಲೇ, ಡಾಕ್ಟರ ಎದುರೇ, ಗಳಗಳ ಅತ್ತುಬಿಟ್ಟೆ. ಅಕ್ಕ ಅಳಲಿಲ್ಲ. ತಲೆನೋವಿಗೆ ಗುಳಿಗೆ ಬರೆಸಿಕೊಂಡಳು. ಮುಂದಿನ ವರ್ಷ ಮತ್ತೊಂದು ಸ್ಕ್ಯಾನ್, ಬರುವಾಗ ಈ ಎರಡೂ ಸೀಡಿ ತರಬೇಕು ಎಂದದ್ದನ್ನು ಕೇಳಿಸಿಕೊಂಡಳು. ಎದ್ದವಳು ಮತ್ತೆ ಕೂತಳು.

"ಸಾಹೇಬ್ರ, ಮುಂದಿನ ವರ್ಷ ನಿಮ್ಮ ಕಂಪ್ಯೂಟರಿಗೆ ಇದನ್ನ ಹಾಕೂ ಬಾಯಿ ಇರ್ತೈತೇನ್ರಿ?"

ಡಾಕ್ಟರು ತಮ್ಮ ಟೇಬಲ್ಲಿನ ಕೆಳಗಿನ ಹಳೆಯ ಕಂಪ್ಯೂಟರ್ ಡಬ್ಬದ ಕಡೆ ನೋಡಿದರು. "ಹೇಳಾಕ ಬರಂಗಿಲ್ಲವಾ. ಇದನ್ನ ತಗದು ಹೊಸಾದು ಹಾಕ್ತೀವಿ ಅಂತ ಹೇಳ್ಯಾರ," ಅಂದರು.

ಅಕ್ಕನ ತಲೆಯೊಳಗಿನ ಗಂಟೇ ವರ್ಷವಿಡೀ ಮಿಸುಕಾಡದೆ ಕಾದಿದೆ. ಈ ಕಂಪ್ಯೂಟರಿನ ತೂತುಗಳಿಗೆ ಏನು ಅಷ್ಟೊಂದು ಅವಸರ?