ಡ್ರಿಲ್ ಮಾಸ್ತರರು ಕೂಗಿದ ನೋ ಬಾಲ್

ಅವರ ಕುತ್ತಿಗೆ ತಿರುಗುತ್ತಿರಲಿಲ್ಲ. ಯಾರಾದರೂ ಬಾಜುವಿನಿಂದ ಕರೆದರೆ ಎರಡೂ ಪಾದ ಎತ್ತಿಟ್ಟು, ಇಡೀ ಮೈಯನ್ನು ಆ ಕಡೆ ಹೊರಳಿಸಿ ನಿಲ್ಲುತ್ತಿದ್ದರು. ಮಹಾಯುದ್ಧದಲ್ಲಿ ಕಡಲಾಚೆ ಬಸರೆಯ ಕಡೆ ಎಲ್ಲೋ ಆದ ಗಾಯ ಎಡಕಿವಿಯ ಕೆಳಗಿನಿಂದ ಅಂಗಿಯ ಕಾಲರಿನೊಳಕ್ಕೆ ಇಳಿದಿತ್ತು. ಅಲ್ಲಿ ಚರ್ಮ ಸುಟ್ಟ ಹಪ್ಪಳದಂತೆ ಮುದುರಿಕೊಂಡಿತ್ತು. ಮೊದಲ ಸಲ ಅವರು ನನ್ನತ್ತ ಹಾಗೆ ತಿರುಗಿ ನಿಂತಾಗ, ನಾನೇನೋ ತಪ್ಪು ಮಾಡಿ ಸಿಕ್ಕಿಬಿದ್ದೆ ಅನ್ನಿಸಿತು. ಕೊತ್ತಂಬರಿ ಮಾರುವವಳ ಕಡೆಗೂ ಅವರು ಹಾಗೆಯೇ ತಿರುಗುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು.

ಅವರು ಖಾನಾಪುರದ ಶಾಲೆಯಲ್ಲಿ ಡ್ರಿಲ್ ಮಾಸ್ತರರು. ಪಲ್ಟಣಿನಲ್ಲಿ ಹವಾಲ್ದಾರರಾಗಿದ್ದು, ಗಾಯವಾದ ಮೇಲೆ ಊರಿಗೆ ಬಂದವರು. ಮನೆಯ ಮಾತು ಮರಾಠಿ, ಹೊರಗಿನ ಮಾತು ಕನ್ನಡ, ಸಿಟ್ಟು ಬಂದಾಗ ಹಿಂದುಸ್ತಾನಿ. ಕ್ಯಾಂಪಿನಲ್ಲಿ ಸಾಹೇಬರು ಕ್ರಿಕೆಟ್ ಆಡುವಾಗ ಚೆಂಡು ಹಿಡಿಯಲು ಸಿಪಾಯಿಗಳನ್ನು ನಿಲ್ಲಿಸುತ್ತಿದ್ದರಂತೆ. ಹಾಗೆ ನಿಂತೇ ಆಟವನ್ನು ಕಲಿತಿದ್ದರು.

ನಾನಾಗ ಬೆಳಗಾವಿಯ ಒಂದು ಕನ್ನಡ ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಒಂದು ಚಳಿಗಾಲ ಸಂಪಾದಕರು ಜಿಲ್ಲೆಯ ಹೈಸ್ಕೂಲುಗಳ ಕ್ರಿಕೆಟ್ ಪಂದ್ಯಗಳನ್ನು ನನ್ನ ಪಾಲಿಗೆ ಹಾಕಿದರು. ಹುಡುಗರ ಹೆಸರು ಅಚ್ಚಾದರೆ ಅವರವರ ಮನೆಯವರು ಪತ್ರಿಕೆ ಓದುತ್ತಾರೆ ಎಂಬುದು ಅವರ ವಿಚಾರ. ಆಟದ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಅದನ್ನು ಕನ್ನಡದಲ್ಲಿ ಬರೆಯುವುದು ಹೇಗೆ ಎಂಬುದಂತೂ ಯಾರಿಗೂ ಗೊತ್ತಿರಲಿಲ್ಲ. ನನ್ನ ಮೊದಲ ವರದಿಯಲ್ಲಿ, ಖಾನಾಪುರದ ಹುಡುಗನೊಬ್ಬ ‘ಚೆಂಡು ಒಗೆದು ಎದುರಾಳಿಗಳನ್ನು ಉರುಳಿಸಿದನು’ ಎಂದು ಬರೆದೆ. ಮುಂದಿನ ಪಂದ್ಯದ ದಿನ ಡ್ರಿಲ್ ಮಾಸ್ತರರು ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನನ್ನನ್ನು ಹುಡುಕಿಕೊಂಡು ಬಂದರು.

“ಪೇಪರಿನವರು ನೀವ ಏನ್ರಿ?”

“ಹೌದ್ರಿ.”

“ಒಗಿಯೂದು ಅಂದ್ರ ಮಾವಿನಕಾಯಿಗೆ ಕಲ್ಲು ಒಗಿಯೂದು. ನಮ್ಮ ಹುಡುಗ ಒಗಿಯಂಗಿಲ್ಲ, ಬೌಲ್ ಮಾಡತಾನ. ಖರೇ ಶಬ್ದ ಸಿಗಲಿಲ್ಲಂದ್ರ ಇಂಗ್ಲಿಷಿಂದ ಹಾಕ್ರಿ. ಸುಳ್ಳು ಶಬ್ದ ಹಾಕಬ್ಯಾಡ್ರಿ.”

ಅಷ್ಟು ಹೇಳಿ, ವ್ಯತ್ಯಾಸವನ್ನು ಅಲ್ಲೇ ತೋರಿಸಿದರು. ಕೈ ಮಡಚಿಕೊಂಡು ಬಂದು, ಚೆಂಡು ಬಿಡುವ ಗಳಿಗೆಯಲ್ಲಿ ಮೊಳಕೈಯನ್ನು ಝಾಡಿಸಿ ನೆಟ್ಟಗೆ ಮಾಡಿದರೆ ಅದು ಒಗೆತ. ಅದು ನಿಯಮಕ್ಕೆ ವಿರುದ್ಧ, ಅಂಪಾಯರ್ ‘ನೋ ಬಾಲ್’ ಎಂದು ಕೂಗಬೇಕು. ಮೊಳಕೈ ಅಲುಗದೆ ಇಡೀ ಕೈ ಹೆಗಲಿನಿಂದ ತಿರುಗಿ ಬಂದರೆ ಅದು ಬೌಲಿಂಗ್. ಆ ಚಳಿಗಾಲವೆಲ್ಲ ನಾನು ಖಾನಾಪುರದ ತಂಡ ಆಡುವ ಕಡೆ ಹೋದಾಗ ಅವರ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಪಂದ್ಯ ನಡೆಯುವಾಗ ಅವರು ಕೂರುತ್ತಿರಲಿಲ್ಲ. ಕಿಸೆಯಲ್ಲಿ ಹುರಿದ ಶೇಂಗಾ ಇರುತ್ತಿತ್ತು. ಒಂದೊಂದನ್ನೇ ಒಡೆದು, ಸಿಪ್ಪೆಯನ್ನು ಇನ್ನೊಂದು ಕಿಸೆಗೆ ಹಾಕುತ್ತಿದ್ದರು. ಹುಡುಗರು ಯಾರಾದರೂ ಓಡಿ ಬಂದು “ಸರ್, ಅಂವ ಔಟ್ ಇದ್ದ, ಕೊಡಲಿಲ್ರಿ” ಎಂದರೆ ಅವರದು ಒಂದೇ ಪ್ರಶ್ನೆ: “ಎಲ್ಲಿಂದ ನೋಡಿದಿ?” ಬೌಂಡರಿಯಿಂದ ಎಂದರೆ, “ಹೋಗು, ಅಲ್ಲೇ ನಿಂದ್ರು.”

ನಾನು ಬರೆದ ಆ ಹುಡುಗ ಜಾಂಬೋಟಿಯ ಕಡೆಯವನು. ಭತ್ತ ಬೆಳೆಯುವವರ ಮನೆಯ ಮಗ. ಖಾನಾಪುರದ ಬಸದಿ ಓಣಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಉದ್ದ ತೋಳಿನ ಅಂಗಿ, ಮಣಿಕಟ್ಟಿನಲ್ಲಿ ಯಾವಾಗಲೂ ಗುಂಡಿ ಹಾಕಿದ್ದು. ಮಾತು ಕಡಿಮೆ. ಅವನ ಚೆಂಡು ನೆಲಕ್ಕೆ ಬಿದ್ದು ಒಳಗೆ ಹೊರಳುತ್ತಿದ್ದ ರೀತಿಯನ್ನು ಬೆಳಗಾವಿಯ ಹುಡುಗರು ಯಾರೂ ಕಂಡಿರಲಿಲ್ಲ. ಡ್ರಿಲ್ ಮಾಸ್ತರರು ಅವನನ್ನು ಮಲಪ್ರಭೆಯ ದಂಡೆಯ ಬಯಲಿನಲ್ಲಿ ತಾವೇ ಬ್ಯಾಟು ಹಿಡಿದು ನಿಂತು ತಯಾರು ಮಾಡಿದ್ದರು. ಪಂದ್ಯಗಳಲ್ಲಿ ಅವರು ನಿಲ್ಲುತ್ತಿದ್ದದ್ದೂ ವಿಕೆಟ್ಟಿನ ನೇರಕ್ಕೆ, ಕುತ್ತಿಗೆ ತಿರುಗಿಸುವ ಕಷ್ಟವಿಲ್ಲದ ಜಾಗದಲ್ಲಿ. ಎಂದರೆ ಅವನ ಬೌಲಿಂಗನ್ನು ಅವರು ಎಂದೂ ಬಾಜುವಿನಿಂದ ನೋಡಿರಲಿಲ್ಲ. ಆಗ ಇದು ಯಾರ ಲಕ್ಷ್ಯಕ್ಕೂ ಬರುವ ಸಂಗತಿಯಾಗಿರಲಿಲ್ಲ.

ಖಾನಾಪುರದ ತಂಡ ಫೈನಲ್ ಪಂದ್ಯಕ್ಕೆ ಬಂತು. ಸಣ್ಣ ಊರಿನ ಶಾಲೆ ಅಲ್ಲಿಯತನಕ ಬಂದದ್ದು ಅದೇ ಮೊದಲು. ಎದುರಿಗೆ ಬೆಳಗಾವಿಯ ದೊಡ್ಡ ಶಾಲೆ. ಎರಡೂ ಕಡೆಯಿಂದ ಒಬ್ಬೊಬ್ಬ ಮಾಸ್ತರರು ಅಂಪಾಯರಾಗಿ ನಿಲ್ಲುವುದು ಆಗಿನ ಪದ್ಧತಿ. ಖಾನಾಪುರದ ಪರವಾಗಿ ಯಾವಾಗಲೂ ಗಣಿತದ ಮಾಸ್ತರರು ನಿಲ್ಲುತ್ತಿದ್ದರು. ಆ ದಿನ ಅವರಿಗೆ ಜ್ವರ. ಡ್ರಿಲ್ ಮಾಸ್ತರರೇ ಬಿಳಿ ಕೋಟು ಹಾಕಿಕೊಂಡು ಒಳಗೆ ಹೋದರು.

ಬೆಳಗಾವಿಯವರಿಗೆ ಇನ್ನು ಸ್ವಲ್ಪವೇ ರನ್ನು ಬೇಕಿತ್ತು, ಆದರೆ ಆಡುವವರೂ ಹೆಚ್ಚು ಉಳಿದಿರಲಿಲ್ಲ. ಅಲ್ಲಿಯತನಕ ಮಾಸ್ತರರು ನಿಂತ ತುದಿಯಿಂದಲೇ ಬೌಲ್ ಮಾಡಿದ್ದ ಜಾಂಬೋಟಿಯ ಹುಡುಗ ಈಗ ಎದುರು ತುದಿಯಿಂದ ಚೆಂಡು ತೆಗೆದುಕೊಂಡ. ಅವನು ಚೆಂಡು ಬಿಡುವ ತುದಿಗೆ ಬೆಳಗಾವಿಯ ಅಂಪಾಯರ್; ಡ್ರಿಲ್ ಮಾಸ್ತರರು ಬ್ಯಾಟುಗಾರನ ಬಾಜುವಿಗೆ, ಒಂದಿಷ್ಟು ದೂರದಲ್ಲಿ. ಹುಡುಗ ಓಡಿ ಬಂದು ಚೆಂಡು ಬಿಟ್ಟ, ಸ್ಟಂಪು ಉರುಳಿತು. ಖಾನಾಪುರದ ಮಂದಿ ಎದ್ದು ನಿಂತರು. ಅಷ್ಟರಲ್ಲೇ ಕೂಗು ಕೇಳಿತ್ತು. “ನೋ ಬಾಲ್.”

ಕೂಗಿದವರು ಬೆಳಗಾವಿಯವರು ಎಂದೇ ಎಲ್ಲರೂ ತಿಳಿದರು. ಆದರೆ ಕೈ ಚಾಚಿ ನಿಂತಿದ್ದವರು ಡ್ರಿಲ್ ಮಾಸ್ತರರು. ಮುಂದಿನ ಚೆಂಡಿಗೂ ಕೂಗಿದರು. ಅದರ ಮುಂದಿನದಕ್ಕೂ. ಹುಡುಗ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಅವರನ್ನೇ ನೋಡಿದ. ಅವರು ಕಾಲು ಎತ್ತಿಟ್ಟು ಅವನ ಕಡೆ ಪೂರ್ತಿ ತಿರುಗಿ, “ನೀ ಒಗ್ಯಾಕತ್ತಿ” ಎಂದರು. ಮೆತ್ತಗೇ ಅಂದದ್ದು, ಆದರೆ ಹತ್ತಿರ ನಿಂತ ಹುಡುಗರಿಗೆಲ್ಲ ಕೇಳಿಸಿತು. ನಾಯಕ ಬಂದು ಚೆಂಡನ್ನು ಬೇರೆಯವನಿಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಪಂದ್ಯ ಮುಗಿಯಿತು. ಖಾನಾಪುರ ಸೋತಿತು.

ಸಂಜೆ ನಾನು ಸ್ಟೇಷನ್ನಿಗೆ ಹೋದೆ. ಕ್ರಿಕೆಟ್ ಋತುವಿನ ಕೊನೆಯ ಲೇಖನಕ್ಕೆ ಡ್ರಿಲ್ ಮಾಸ್ತರರದೊಂದು ಮಾತು ಬೇಕಿತ್ತು. ಹುಡುಗರು ಪಿಚ್ಚಿಗೆ ಹಾಸುವ ಚಾಪೆಯ ಸುರುಳಿಯ ಮೇಲೆ ಕೂತಿದ್ದರು, ಮಾಸ್ತರರು ಒಬ್ಬರೇ ಆಚೆಗೆ ನಿಂತಿದ್ದರು. ತಂಡದ ಜೊತೆ ಬಂದಿದ್ದ ಶಾಲಾ ಕಮಿಟಿಯ ವ್ಯಾಪಾರಿಯೊಬ್ಬರು ಅವರ ಮುಂದೆ ಹೋಗಿ ನಿಂತು ಕೇಳಿದರು:

“ಬೆಳಗಾವಿಯವ್ರ ಸುಮ್ನಿದ್ರು. ಕೂಗಬೇಕಾದಾಂವ ಕೂಗಲಿಲ್ಲ. ನಿಮಗ್ಯಾಕ ಬೇಕಾಗಿತ್ತು ಮಾಸ್ತರ?”

“ನನಗ ಕಾಣಿಸ್ತರಿ.”

“ಕಂಡ್ರ ಕಣ್ಣ ಮುಚ್ಚಬೇಕಿತ್ತು.”

ರೈಲು ಬಂದಾಗ ಹುಡುಗರೆಲ್ಲ ಒಂದು ಡಬ್ಬಿ ಹತ್ತಿದರು. ಮಾಸ್ತರರು ಅದರ ಹಿಂದಿನದನ್ನು ಹತ್ತಿದರು.

ನಾನು ಲೇಖನ ಬರೆದು ಮುಗಿಸಿದ್ದೆ. ಯಾರು ಗೆದ್ದರು, ಯಾರು ಚೆನ್ನಾಗಿ ಆಡಿದರು, ಮುಂದಿನ ವರ್ಷ ಯಾರ ಮೇಲೆ ಕಣ್ಣಿಡಬೇಕು ಎಂಬ ಸಾಮಾನ್ಯ ಮಾತುಗಳು. ಜಾಂಬೋಟಿಯ ಹುಡುಗನ ಬಗ್ಗೆ, ಅವನ ಬೌಲಿಂಗ್ ನಿಯಮಬಾಹಿರವೆಂದು ಅವನ ಗುರುಗಳೇ ನಿರ್ಣಯಿಸಿದರು ಎಂದಷ್ಟೇ ಬರೆದಿದ್ದೆ. ಲೇಖನ ಅಚ್ಚಿಗೆ ಹೋಗುವ ಮೊದಲು ಡ್ರಿಲ್ ಮಾಸ್ತರರು ನಮ್ಮ ಕಚೇರಿಗೆ ಬಂದರು. ಬೂಟಿನ ತುಂಬ ಕೆಂಪು ಧೂಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಂದು ತಪ್ಪಾಗೇದರಿ,” ಅಂದರು. “ಅದನ್ನ ನೀವು ಛಾಪಿಸಬೇಕು.”

ನಡೆದದ್ದನ್ನು ಅವರು ವರದಿ ಒಪ್ಪಿಸುವ ಸಿಪಾಯಿಯಂತೆ ಹೇಳಿದರು. ಪಂದ್ಯದ ಮರುದಿನದಿಂದ ಹುಡುಗ ಶಾಲೆಗೆ ಬರಲಿಲ್ಲ. ಓಣಿಯ ಹುಡುಗರು ಅವನನ್ನು ‘ಕಳ್ಳ ಬೌಲರ್’ ಎಂದು ಕರೆಯತೊಡಗಿದ್ದರು. ಅವನು ಊರಿಗೆ ಹೊರಟುಹೋಗಿದ್ದ. ಇವರು ಅವನನ್ನು ಕರೆತರಲು ಜಾಂಬೋಟಿಗೆ ಹೋದರು. ಮನೆಯ ಮುಂದೆ ಹುಡುಗ ಅಂಗಿ ಬಿಚ್ಚಿ ಎಮ್ಮೆಗೆ ನೀರು ಹಾಕುತ್ತಿದ್ದ. ಬಲಗೈ ಕೆಳಗೆ ಬಿಟ್ಟಾಗಲೂ ಮೊಳಕೈ ಬಾಗಿಯೇ ಇತ್ತು. ಚಿಕ್ಕವನಿದ್ದಾಗ ಹಲಸಿನ ಮರದಿಂದ ಬಿದ್ದು ಮುರಿದ ಕೈ, ಕೂಡಿದ್ದು ಸೊಟ್ಟಗೆ. ಅಂದಿನಿಂದ ಅದು ನೆಟ್ಟಗಾಗುವುದಿಲ್ಲ. ಅವನಿಗೆ ನಾಚಿಕೆ, ಅದಕ್ಕೇ ಉದ್ದ ತೋಳಿನ ಅಂಗಿ.

ಮಾಸ್ತರರು ಅಲ್ಲೇ ಬಿದಿರಿನ ಎರಡು ದಬ್ಬೆ ಸೀಳಿಸಿ, ಮೊಳಕೈ ಒಂದಿಷ್ಟೂ ಅಲುಗದಂತೆ ಕೈಯ ಎರಡೂ ಬದಿಗೆ ಬಿಗಿದು ಕಟ್ಟಿದರು. ಕೊಯ್ದ ಗದ್ದೆಯಲ್ಲಿ ಬೌಲ್ ಮಾಡಿಸಿದರು. ಚೆಂಡು ಮೊದಲಿನಷ್ಟೇ ವೇಗವಾಗಿ ಬಂತು, ಮೊದಲಿನಂತೆಯೇ ಒಳಗೆ ಹೊರಳಿತು. ಎಂದರೆ ಅವನು ಮೊಳಕೈ ಝಾಡಿಸುತ್ತಲೇ ಇರಲಿಲ್ಲ. ಕೈ ಇದ್ದದ್ದೇ ಹಾಗೆ.

ಸಂಪಾದಕರು ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. “ಪಂದ್ಯ ಮುಗೀತು ಮಾಸ್ತರ. ಸೀಜನ್ನ ಮುಗೀತು. ಈಗ ಇದನ್ನ ಹಾಕಿದ್ರ ಸೋತ ಕಪ್ ತಿರುಗಿ ಬರೂದಿಲ್ಲ. ನಿಮ್ಮ ಕಮಿಟಿಯವ್ರು ಮಾತ್ರ ನಿಮ್ಮನ್ನ ಬಿಡೂದಿಲ್ಲ. ಆವತ್ತ ಕೂಗಿದ್ದಕ್ಕ ಸಿಟ್ಟು. ಕೂಗಿದ್ದೂ ತಪ್ಪು ಅಂತ ಗೊತ್ತಾದ್ರ?”

“ಅದು ನನಗ ಬಿಡ್ರಿ. ಮಂದಿ ಮುಂದ ಅವಗ ಒಗ್ಯಾಕತ್ತಿ ಅಂದೀನಿ. ಮಂದಿ ಮುಂದನ ತಿರುಗಿ ತಗೋಬೇಕು.”

ಸಂಪಾದಕರು ನನ್ನ ಕಡೆ ನೋಡಿದರು. “ನೀ ಹೋಗಿ ನೋಡಿ ಬಾ. ನಿನ್ನ ಕಣ್ಣಿಗೆ ಖರೇ ಅನಿಸಿದ್ರ ಬರಿ.”

ಮಾಸ್ತರರು ಹುಡುಗನನ್ನೂ ಅವನ ತಂದೆಯನ್ನೂ ಖಾನಾಪುರಕ್ಕೆ ಕರೆಸಿದ್ದರು. ನಾನು ಬೆಳಗಿನ ರೈಲಿಗೆ ಹೋದೆ. ನದಿಯ ಬಯಲಿನಲ್ಲಿ ಮಾಸ್ತರರು ನನ್ನನ್ನು ತಾವು ಆ ದಿನ ನಿಂತಿದ್ದ ಜಾಗದಲ್ಲೇ ನಿಲ್ಲಿಸಿದರು. ಮೊದಲು ದಬ್ಬೆ ಇಲ್ಲದೆ ಬೌಲ್ ಮಾಡಿಸಿದರು. ನಾನಿದ್ದಲ್ಲಿಂದ ಅದು ಸ್ಪಷ್ಟವಾಗಿ ಒಗೆತವೇ, ನಾನಾದರೂ ಕೂಗುತ್ತಿದ್ದೆ. ಆಮೇಲೆ ದಬ್ಬೆ ಕಟ್ಟಿದರು. ಗಂಟುಗಳನ್ನು ನಾನೇ ಎಳೆದು ನೋಡಿದೆ. ಹುಡುಗ ಮತ್ತೆ ಓಡಿ ಬಂದ. ಈಗಲೂ ಒಗೆದಂತೆಯೇ ಕಂಡಿತು. ಆದರೆ ಹಾಗೆ ಬಿಗಿದ ಕೈ ಒಗೆಯುವುದು ಸಾಧ್ಯವಿರಲಿಲ್ಲ.

ಆಟ ನಿಲ್ಲಿಸಿ ಮಾಸ್ತರರು ಹುಡುಗನ ಮುಂದೆ ಹೋಗಿ ನಿಂತರು. ಕೈ ಮುಗಿದರು. “ನಾ ತಪ್ಪ ನೋಡಿದೆ. ತಪ್ಪ ಮಾತು ಅಂದೆ.”

ತಂದೆ ದಡಬಡಿಸಿ ನಡುವೆ ಬಂದ. “ಹಂಗ ಮಾಡಬ್ಯಾಡ್ರಿ ಮಾಸ್ತರ. ಹುಡುಗನ ಮುಂದ ಕೈ ಮುಗೀತಾರೇನ್ರಿ?”

ಹುಡುಗ ದಬ್ಬೆಯ ಗಂಟು ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. ಬಿಚ್ಚಿ ಮುಗಿದ ಮೇಲೆ, “ನಾಳಿಂದ ಪ್ರ್ಯಾಕ್ಟೀಸಿಗೆ ಎಷ್ಟೊತ್ತಿಗೆ ಬರ್ಲಿರಿ?” ಎಂದ.

ಆ ವಾರ ನನ್ನ ಲೇಖನದ ಅರ್ಧಭಾಗ ಇದೇ ಆಯಿತು. ಸಂಪಾದಕರು ಹೇಳಿದಂತೆಯೇ ಕಮಿಟಿಯವರು ಮಾಸ್ತರರನ್ನು ಬಿಡಲಿಲ್ಲ. ಬೇಸಿಗೆಯ ಸೂಟಿ ಮುಗಿದಾಗ ಶಾಲೆಗೆ ಬೇರೊಬ್ಬ ಡ್ರಿಲ್ ಮಾಸ್ತರರು ಬಂದಿದ್ದರು. ಹುಡುಗ ಓದನ್ನು ಮುಂದುವರಿಸಿದ. ಮುಂದಿನ ಚಳಿಗಾಲ ಅವನ ಬೌಲಿಂಗಿಗೆ ಕೆಲವು ಅಂಪಾಯರರು ಕೂಗಿದರು, ಕೆಲವರು ಸುಮ್ಮನಿದ್ದರು. ಕೂಗಿದ ಕಡೆ ಅವನು ಅಂಗಿಯ ತೋಳನ್ನು ಮೇಲೆ ಸರಿಸಿ ಮೊಳಕೈ ತೋರಿಸುತ್ತಿದ್ದ. ಮಣಿಕಟ್ಟಿನ ಗುಂಡಿಯನ್ನು ಆಮೇಲೆ ಅವನು ಹಾಕುತ್ತಿರಲಿಲ್ಲ. ಮ್ಯಾಟ್ರಿಕ್ ಮುಗಿಸಿ ಅವನು ರೈಲ್ವೆಯಲ್ಲಿ ಗುಮಾಸ್ತನಾದ.

ಮಾಸ್ತರರು ಬೆಳಗಾವಿಗೆ ಬಂದು ಒಂದು ತಾಲೀಮಿನ ಗರಡಿಯಲ್ಲಿ ಹುಡುಗರಿಗೆ ಕಸರತ್ತು ಹೇಳಿಕೊಡುತ್ತಿದ್ದರು. ನಾನು ಆಗೀಗ ಹೋಗುತ್ತಿದ್ದೆ. ಶೇಂಗಾ ಕೊಡುತ್ತಿದ್ದರು, ಪತ್ರಿಕೆಯಲ್ಲಿ ಏನು ಬಂತೆಂದು ಕೇಳುತ್ತಿದ್ದರು. ಪೊಲೀಸರು ಮಂದಿಯನ್ನು ಹೊಡೆದರು ಎಂದು ನಾನು ಬರೆದಿದ್ದರೆ, ಹೊಡೆದದ್ದನ್ನು ನೀವು ಕಂಡಿರಾ, ಯಾರಾದರೂ ಹೇಳಿದರಾ ಎಂದು ವಿಚಾರಿಸುತ್ತಿದ್ದರು. ಹೇಳಿದರು ಎಂದರೆ, “ಹಂಗಾದ್ರ ಹಂಗ ಬರೀರಿ” ಎನ್ನುತ್ತಿದ್ದರು. ಬೇಸರವಾಗುತ್ತಿತ್ತು. ಆದರೆ ಹಾಗೆಯೇ ಬರೆಯತೊಡಗಿದೆ. ಆ ಪಂದ್ಯದ ವಿಷಯ ನಮ್ಮ ನಡುವೆ ಒಮ್ಮೆಯೂ ಬರಲಿಲ್ಲ.

ಕೆಲವು ವರ್ಷದ ಮೇಲೆ ಒಂದು ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು. ತಾಲೀಮಿನ ಹುಡುಗರು, ನಾನು, ಪಲ್ಟಣಿನ ಹಳೆಯ ಸ್ನೇಹಿತರು ಒಂದಿಬ್ಬರು ಸೇರಿದ್ದೆವು. ಹೆಣ ಎತ್ತುವ ಹೊತ್ತಿಗೆ ಜಾಂಬೋಟಿಯವನು ಬಂದ, ರೈಲ್ವೆಯ ಕೋಟಿನಲ್ಲೇ, ತೊಯ್ದುಕೊಂಡು. ಮಾಸ್ತರರ ಮುಖ ನೋಡಿ ನನ್ನ ಬಳಿಗೆ ಬಂದ.

“ನೀವು ಅವರ ಕಡೆ ಹೋಗತಿದ್ರಂತ,” ಅಂದ. “ನನ್ನ ಬಗ್ಗೆ ಏನರೆ ಅಂತಿದ್ರೇನ್ರಿ?”

ಒಂದು ಒಳ್ಳೆಯ ಮಾತನ್ನು ಕಟ್ಟಿ ಹೇಳುವುದು ಕಷ್ಟವಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾರಾದರೂ ಹೇಳುತ್ತಾರೆ.

“ಇಲ್ಲಪ್ಪ,” ಅಂದೆ. “ನನ್ನ ಮುಂದ ಏನೂ ಅನಲಿಲ್ಲ.”

ಅವನು ತಲೆಯಾಡಿಸಿದ. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಹೋಗಿ ಹೆಗಲು ಕೊಟ್ಟ.