ಅಳಿಯ ಮುನಿದ

ನಮ್ಮಕ್ಕ ಶಾರದೆಯ ಪರವಾಗಿ ಒಂದು ಮಾತು ಆಡಬೇಕಾಗಿದ್ದ ಹೊತ್ತಿನಲ್ಲಿ ನಾನು ಬಗ್ಗಿ ಶೂ ಲೇಸು ಕಟ್ಟುತ್ತಿದ್ದೆ. ಲೇಸು ಬಿಚ್ಚಿರಲಿಲ್ಲ.

ಅಕ್ಕ ಯಾರನ್ನೇ ಆಗಲಿ ಮೊದಲು ಕಾಲಿನಿಂದ ನೋಡುವವಳು. ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದ್ದಳು. "ಮುಖ ಏನು ಬೇಕಾದ್ರೂ ನಾಟಕ ಆಡುತ್ತೆ ಕಣೋ, ಹಿಮ್ಮಡಿ ಆಡಲ್ಲ" ಅನ್ನುತ್ತಿದ್ದಳು. ಮಗ ನಿಖಿಲ್ ಅಮೆರಿಕದ ನಾರ್ತ್ ಕ್ರೀಕ್‌ನಲ್ಲಿ ಮಕ್ಕಳ ಫುಟ್ಬಾಲ್ ತಂಡ ಸೇರಿದಾಗ ಉಳಿದ ತಾಯಂದಿರು ಕುರ್ಚಿ ಹಾಕಿಕೊಂಡು ಕೂತರೆ, ಇವಳು ಲವಂಗ ಅಗಿಯುತ್ತ ಗೆರೆಯ ಪಕ್ಕ ನಿಂತಿರುತ್ತಿದ್ದಳು. ಎದುರು ತಂಡದ ಹುಡುಗರ ಕಾಲು ನೋಡಿ ಯಾವನು ಯಾವ ಕಡೆ ನುಗ್ಗುತ್ತಾನೆಂದು ಹೇಳಿಬಿಡುತ್ತಿದ್ದಳು. ದೊಡ್ಡ ಕೋಚ್ ಡೇವ್ ಒಂದು ತಿಂಗಳು ಇದನ್ನು ಕೇಳಿಸಿಕೊಂಡು, ಕೊನೆಗೆ ಅವಳ ಕೊರಳಿಗೂ ಒಂದು ವಿಷಲ್ ಹಾಕಿದ.

ಇಲ್ಲಿಯ ಫುಟ್ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಮೊದಲು ಎರಡು ತಂಡಗಳೂ ಎದುರುಬದುರು ಅಲ್ಲಾಡದೆ ನಿಲ್ಲುತ್ತವೆ. ನಡುವಿನ ಹುಡುಗ ಕಾಲಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟ ಮೇಲೆಯೇ ಆಟ. ಅದಕ್ಕೆ ಮೊದಲು ಚೆಂಡು ಇರುವ ತಂಡದ ಒಬ್ಬ ಮಾತ್ರ ಸಾಲಿನ ಹಿಂದೆ ಅಡ್ಡಡ್ಡ ಓಡಬಹುದು. ಹಾಗೆ ಓಡುವವನಿಗೆ ಅಕ್ಕ ಇಟ್ಟ ಹೆಸರು ಅಳಿಯ.

"ಅಳಿಯ ಬಂದ್ರೆ ಮನೆಮಂದಿಯೆಲ್ಲ ಕತ್ತು ತಿರುಗಿಸ್ತಾರಲ್ಲ, ಹಂಗೆ" ಎಂದು ಊಟದ ಟೇಬಲ್ಲಿನ ಮೇಲೆ ಉಪ್ಪಿನ ಡಬ್ಬಿ, ಉಪ್ಪಿನಕಾಯಿ ಜಾಡಿ ಸರಿಸಿ ತೋರಿಸುತ್ತಿದ್ದಳು. "ಇವನ ಹಿಂದೆ ಎದುರು ತಂಡದ ಯಾವನು ಓಡ್ತಾನೋ ಅವನೇ ಇವನನ್ನ ಕಾಯ್ತಿರೋನು."

'ಅಳಿಯ ಬಂದ' ಎಂದು ಕೂಗಿದರೆ ನಿಖಿಲ್ ಅಡ್ಡ ಓಡುತ್ತಲೇ ಚೆಂಡು ಇಸಿದುಕೊಂಡು ಮುಂದೆ ನುಗ್ಗಬೇಕು. 'ಅಳಿಯ ಮುನಿದ' ಎಂದರೆ ಅರ್ಧ ದಾರಿಗೆ ಹೋಗಿ ಗಕ್ಕನೆ ತಿರುಗಿ, ಬಂದ ಕಡೆಗೇ ವಾಪಸ್. ಎದುರಾಳಿಗಳೆಲ್ಲ ಅತ್ತ ಸರಿದಿರುತ್ತಾರೆ, ಚೆಂಡು ಇತ್ತ ಸಿಗುತ್ತದೆ. ಬಿಳಿಯ ಹುಡುಗರು "ಆಲಿಯಾ ಮೂನಿಡಾ" ಎಂದು ಕೂಗುವಾಗ ಎದುರು ತಂಡದವರು ಆಲಿಯಾ ಎಂಬ ಹುಡುಗಿ ಎಲ್ಲಿದ್ದಾಳೆಂದು ಹುಡುಕುತ್ತಿದ್ದರು. ಡೇವ್‌ಗೆ ಮೊದಲು ಈ ಹೆಸರುಗಳು ಹಿಡಿಸಿರಲಿಲ್ಲ. ಗೆಲ್ಲತೊಡಗಿದ ಮೇಲೆ ಅವನೂ ಕೂಗಿದ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಟೋಟೆಮ್ ಲೇಕ್‌ನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತೇನೆ. ಬೆಲ್ವ್ಯೂದಲ್ಲಿ ಒಬ್ಬರ ಮನೆಯ ಪೂಜೆಗೆ ಅಡುಗೆಗೆ ಹೋಗಿದ್ದಾಗ, ಪ್ರಕಾಶ್ ಎಂಬ ಎಂಜಿನಿಯರ್ ತಟ್ಟೆ ಹಿಡಿದು ಹತ್ತಿರ ಬಂದ. ಅವನ ಮಗ ನಮ್ಮ ಎದುರು ತಂಡದಲ್ಲಿದ್ದ.

"ಏನ್ರೀ, ನಿಮ್ಮಕ್ಕ ಗ್ರೌಂಡಲ್ಲಿ ಅಳಿಯ ಅಳಿಯ ಅಂತ ಕೂಗ್ತಾರಂತೆ? ಈಗಲೇ ಹುಡುಕ್ತಿದಾರಾ?"

ಸುತ್ತ ನಿಂತವರು ನಕ್ಕರು. ಅಂಥವರ ನಡುವೆ ನನ್ನನ್ನು ಯಾರೂ ಮಾತಾಡಿಸಿದ್ದಿಲ್ಲ. ನಾನು ಸೌಟು, ಲೋಟಗಳನ್ನೇ ಆಟಗಾರರಂತೆ ಜೋಡಿಸಿ 'ಬಂದ', 'ಮುನಿದ' ಎಲ್ಲವನ್ನೂ ಆಡಿ ತೋರಿಸಿದೆ. "ಸೂಪರ್ ಗುರು" ಎಂದು ಪ್ರಕಾಶ್ ಬೆನ್ನು ತಟ್ಟಿದ. ಆ ರಾತ್ರಿಯೆಲ್ಲ ಬೆನ್ನು ಬೆಚ್ಚಗಿತ್ತು.

ಮುಂದಿನ ಶನಿವಾರ ಅವರ ಜೊತೆಗೇ ಪಂದ್ಯ. ಕೊನೆಯ ಸರದಿ, ನಾವು ಕೆಲವೇ ಅಂಕ ಹಿಂದೆ. ಅಕ್ಕ "ಮುನಿದ" ಎಂದಳು. ನಿಖಿಲ್ ಓಡಿದ. ಎದುರು ಸಾಲಿನಲ್ಲಿ ಒಂದು ಕತ್ತೂ ತಿರುಗಲಿಲ್ಲ. ಅಕ್ಕ ಅಗಿಯುವುದನ್ನು ನಿಲ್ಲಿಸಿದ್ದು ಕಂಡಿತು. ಅವಳು ಕೂಗಿ ನಿಲ್ಲಿಸುವುದರೊಳಗೆ ಚೆಂಡು ಹಿಂದಕ್ಕೆ ಬಂದಿತ್ತು. ನಿಖಿಲ್ ತಿರುಗಿದ ಕಡೆ ಮೂವರು ಕಾಯುತ್ತಿದ್ದರು. ಅವನು ಏಳುವಾಗ ಚೆಂಡು ಅವರ ಕೈಯಲ್ಲಿತ್ತು.

ಪಂದ್ಯ ಮುಗಿದ ಮೇಲೆ ಡೇವ್ ತಗ್ಗಿದ ದನಿಯಲ್ಲೇ ಕೇಳಿದ. "ಈ ಮಾತು ನಿಮ್ಮ ಜನರಿಗಲ್ಲದೆ ಇನ್ಯಾರಿಗೆ ಅರ್ಥವಾಗುತ್ತೆ? ಯಾರಿಗೆ ಹೇಳಿದೆ?"

ಅಕ್ಕ ಇಂಗ್ಲಿಷಿನಲ್ಲಿ ಹೇಳಿದ್ದು ನನಗೂ ಅರ್ಥವಾಯಿತು. "ನಾನು ಹೇಳಿಲ್ಲ. ನನ್ನ ಮನೆಯವರು ಯಾರೂ ಹೇಳುವುದಿಲ್ಲ."

ನೀರಿನ ಬಾಟಲಿಗಳನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು ಅವನ್ನು ಕೆಳಗಿಟ್ಟು ಬಗ್ಗಿದೆ. ತಲೆ ಎತ್ತುವ ಹೊತ್ತಿಗೆ ಅಕ್ಕ ಕೊರಳಿಂದ ವಿಷಲ್ ತೆಗೆದು ಡೇವ್‌ನ ಕೈಗೆ ಕೊಡುತ್ತಿದ್ದಳು. ಮುಂದಿನ ಸೀಸನ್‌ನಲ್ಲಿ ನಿಖಿಲ್‌ನನ್ನು ಗ್ರೌಂಡಿಗೆ ಬಿಟ್ಟು ಕಾರಿನಲ್ಲೇ ಕೂತಿರುತ್ತಿದ್ದಳು. ಮನೆಯಲ್ಲಿ ಉಪ್ಪಿನ ಡಬ್ಬಿ ಇಟ್ಟಲ್ಲೇ ಇರುತ್ತಿತ್ತು.

ಈ ಬೇಸಿಗೆಯಲ್ಲಿ ಅವಳಿಗೆ ಟೆಕ್ಸಾಸ್‌ನಲ್ಲಿ ಕೆಲಸವಾಯಿತು. ಸಾಮಾನಿನ ಲಾರಿ ಹೋದ ಮೇಲೆ ಖಾಲಿ ಮನೆಯಲ್ಲಿ ನಾವಿಬ್ಬರೇ ಉಳಿದೆವು. ನನ್ನ ಪಾಲಿಗೆಂದು ಉಪ್ಪಿನಕಾಯಿ ಜಾಡಿಯನ್ನು ಕೈಗಿಟ್ಟು, "ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದಳು. ಹೂಂ ಎಂದು ಬಾಗಿಲ ತನಕ ಹೋದೆ. ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ. ತಿರುಗಿ ಬಂದೆ.

"ಏನೋ, ಅಳಿಯ ಮುನಿದ?" ಅಂದಳು. ನಗುತ್ತಿದ್ದಳು. ಕಣ್ಣು ಮಾತ್ರ ನನ್ನ ಶೂ ಮೇಲಿತ್ತು.

"ಪ್ರಕಾಶ್‌ಗೆ ಹೇಳಿದ್ದು ನಾನು ಅಕ್ಕ. ನೀನು ನಮ್ಮನೆಯೋರು ಹೇಳಲ್ಲ ಅಂದೆ, ನಾನು ಅಲ್ಲೇ ಇದ್ದು ಬಾಯಿ ಬಿಡ್ಲಿಲ್ಲ. ತಪ್ಪಾಯ್ತು."